ಕಂಬಳಿಗೆ ಬಳಿದ ಕಿಟಕಿ

ಮಾರ್ಚ್ 4, 2025. ಮಂಗಳವಾರ

ಮಿಕ್ಸಿ ಮತ್ತೆ ಸುಟ್ಟ ವಾಸನೆ ಹೊಡೆಯಿತು. ಹುಣಸೆ ಬೀಜ ಅಂದರೆ ಕಲ್ಲು. ಹುರಿದು, ಸಿಪ್ಪೆ ಸುಲಿದು, ನೆನೆಹಾಕಿದರೂ ಕಲ್ಲೇ. ತೊಳೆದು ಅದೇ ಜಾರಿನಲ್ಲಿ ಚಟ್ನಿ ಅರೆದೆ. ಅಂಜಿ ಒಂದು ತುತ್ತು ತಿಂದು, ಗಂಡ ಅನ್ನುವ ಹುದ್ದೆಯ ಘನತೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ಕೇಳಿದ:

"ಇವತ್ತು ಚಟ್ನಿನಾ, ಪ್ರಾಕ್ಟಿಕಲ್ಲಾ?"

(ಅಂಜಿನಮೂರ್ತಿ. ಎದುರಿಗೆ 'ರೀ', ಇಲ್ಲಿ ಏಕವಚನ. ಡೈರಿ ನನ್ನದು.)

ಪುಡಿ ಮಾಡು, ಹುರಿ, ದಣಿ — ಪಿ, ಎಚ್, ಡಿ. ಆರನೇ ವರ್ಷ.

ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ತಿಮ್ಮರಾಜು ಸರ್ ಇವತ್ತೂ ಕೇಳಿದರು, ನಿಮ್ಮ ರಿಸರ್ಚ್ ಏನಮ್ಮ ಅಂತ. ಮತ್ತೆ ಹೇಳಿದೆ. ಎರಡು ಗಾಜು. ಒಂದರ ಒಳಮೈಗೆ ಟಂಗ್‌ಸ್ಟನ್ ಆಕ್ಸೈಡಿನ ತೆಳು ಲೇಪ. ನಡುವೆ ಹುಣಸೆ ಬೀಜದ ಅಂಟು, ಅಂಟಿನೊಳಗೆ ಉಪ್ಪು. ಸಣ್ಣ ಬ್ಯಾಟರಿ ಮುಟ್ಟಿಸಿದರೆ ಉಪ್ಪಿನ ಕಣಗಳು ಅಂಟಿನಲ್ಲಿ ಈಜಿಕೊಂಡು ಹೋಗಿ ಲೇಪದೊಳಗೆ ಕೂರುತ್ತವೆ, ಗಾಜು ನೀಲಿ. ಬ್ಯಾಟರಿ ತಿರುಗಿಸಿದರೆ ಎದ್ದು ಬರುತ್ತವೆ, ಗಾಜು ತಿಳಿ. ಬೇಸಿಗೆಯಲ್ಲಿ ಕಿಟಕಿಯೇ ಬಿಸಿಲು ತಡೆಯುತ್ತೆ ಸರ್. ಪೇಟೆಯ ಪ್ಲಾಸ್ಟಿಕ್ ಅಂಟಿನ ಬದಲು ನಮ್ಮ ಮಧುಗಿರಿ ಹುಣಸೆ.

ಮೇಷ್ಟ್ರು ಗಾಢವಾಗಿ ಯೋಚಿಸಿದರು. "ಅಲ್ಲಮ್ಮ, ಪರದೆ ಎಳ್ಕೊಂಡ್ರೆ ಆಗಲ್ವಾ?"

ಉತ್ತರ ಹೊಳೆಯಲಿಲ್ಲ. ಯಾವಾಗಲೂ ಹೊಳೆಯುವುದಿಲ್ಲ.

ಅಂಜಿ ನನ್ನ ಗಾಜಿಗೆ ಇಟ್ಟಿರುವ ಹೆಸರು ಗೋಸುಂಬೆ. ಅವನೋ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಸುವ ಸೂಪರ್‌ವೈಸರ್. ಅವನಿಗೆ ಸಂಬಳ ಬರುವುದು ಬಿಸಿಲು ಹಿಡಿಯುವುದಕ್ಕೆ, ನನಗೆ ಪದವಿ ಬರಬೇಕಿರುವುದು ಬಿಸಿಲು ಬಿಡದಿರುವುದಕ್ಕೆ. ಸಂಸಾರ ಹೇಗೋ ಬ್ಯಾಲೆನ್ಸ್ ಆಗಿದೆ.

ಮಾರ್ಚ್ 11

ಗಾಜು ಸತ್ತಿತು. ಮೂರನೇ ದಿನಕ್ಕೇ. ಮಧುಗಿರಿಯ ಒಣ ಸೆಕೆಗೆ ಅಂಟಿನ ನೀರೆಲ್ಲ ಆರಿ, ಬಿರುಕು ಬಿಟ್ಟು, ಅರ್ಧ ನೀಲಿಯಲ್ಲೇ ನಿಂತುಬಿಟ್ಟಿದೆ. ಏಕಾದಶಿ ಹಿಡಿದವರ ಮುಖದ ಹಾಗೆ.

ತುಮಕೂರಿಗೆ, ಗೈಡ್ ರಂಗಸ್ವಾಮಿ ಸರ್‌ಗೆ ಫೋನ್. ಏಪ್ರಿಲ್ ಹದಿನಾರಕ್ಕೆ ರಿವ್ಯೂ. ಒಂದು ವಾರವಾದರೂ ಬದುಕಿದ ಒಂದು ಗಾಜು ಮೇಜಿನ ಮೇಲಿಡಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ಇದನ್ನು ಅವರು ಬಹಳ ಮೃದುವಾಗಿ ಹೇಳಿದರು. ಮೃದುವಾಗಿ ಹೇಳಿದ್ದೇ ಹೆದರಿಕೆ.

"ಉಪ್ಪು ಬದಲಾಯ್ಸು. ಲಿಥಿಯಂ ಕ್ಲೋರೈಡ್ ಹಾಕು. ಅದು ಗಾಳಿಯಿಂದ್ಲೇ ನೀರು ಕುಡಿಯೋ ಉಪ್ಪು. ಒಂದೇ ದೊಡ್ಡ ಬ್ಯಾಚ್ ಮಾಡು, ಎಲ್ಲ ರೀಡಿಂಗೂ ಒಂದೇ ಪಾತ್ರೆಯಿಂದ ಬರ್ಲಿ."

ಲ್ಯಾಬಿನಲ್ಲಿ ಒಂದು ಬಾಟಲಿ ಇದೆ. ಒಂದೇ. ಇನ್ನೊಂದು ತರಿಸಿದರೆ ತಿಂಗಳು ಹಿಡಿಯುತ್ತದೆ. ನಾನು ಅತಿಥಿ ಉಪನ್ಯಾಸಕಿ. ತಿಥಿ ಇಲ್ಲದವಳು ಅತಿಥಿ. ನನ್ನ ಸಂಬಳಕ್ಕೂ ಇಲ್ಲ, ಸಾಮಾನು ತರಿಸುವ ಇಂಡೆಂಟಿಗೂ ಇಲ್ಲ.

ಸಂಜೆ ಸೋಲಾರ್ ಪಾರ್ಕಿನ ಅಂಚಿನ ಬಲಸಮುದ್ರದಿಂದ ಅತ್ತೆ ಫೋನ್. ಅಂಜಿಯ ಅಕ್ಕನ ಮಗಳು ಸ್ಪಂದನಾ ಮದುವೆ ಮೇ ತಿಂಗಳಲ್ಲಿ. ಹೆಣ್ಣು-ಗಂಡು ಕೂರುವ ಗದ್ದುಗೆಗೆ ಕರಿ ಕಂಬಳಿ ಹಾಸಬೇಕು. ಅದನ್ನು ಅತ್ತೆಯೇ ನೇಯಬೇಕು. ಇದೇ ಕೊನೆಯ ಕಂಬಳಿ ಅಂತ ಹಟ ಹಿಡಿದು ಉಣ್ಣೆ ನೂತು ಮಗ್ಗ ಕಟ್ಟಿದ್ದಾರೆ.

"ಸರಿ ಕಾಸಾಕೆ ಆಗ್ತಿಲ್ಲ ಕಣಮ್ಮ. ಬೀಜ ಬೀಸಾಕೆ ಕೈ ತಿರುಗಾಕಿಲ್ಲ."

ಸರಿ ಅಂದರೆ ಹಾಸಿಗೆ, ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲಿಗೆ, ಬಳಿಯುವ ಗಂಜಿ. ಅದೂ ಹುಣಸೆ ಬೀಜದ್ದೇ. ನೂಲು ಬಿಗಿದು ನಿಲ್ಲಲು. ನಾನು "ಹ್ಞೂಂ ಅತ್ತೆ, ನೋಡೋಣ" ಅಂದೆ. ನೋಡೋಣ ಅನ್ನುವುದು ನೋಡುವುದಿಲ್ಲ ಅನ್ನುವುದರ ವಿದ್ಯಾವಂತ ರೂಪ.

ಮದುವೆಯಾಗಿ ಹನ್ನೊಂದು ವರ್ಷ. ನಮ್ಮಪ್ಪ ಶಿರಾದ ಪೋಸ್ಟ್ ಆಫೀಸಿನಲ್ಲಿದ್ದವರು; ನಾನು ಕುರಿ ನೋಡಿದ್ದು ಬಸ್ಸಿನ ಕಿಟಕಿಯಿಂದ. ಅತ್ತೆ ಒಂದು ದಿನವೂ ಮಗ್ಗದ ಹತ್ತಿರ ಬಾ ಅನ್ನಲಿಲ್ಲ. ನಾನೂ ಹೋಗಲಿಲ್ಲ. ಇಬ್ಬರೂ ಅದನ್ನು ಮರ್ಯಾದೆ ಅಂದುಕೊಂಡಿದ್ದೇವೆ.

ಮಾರ್ಚ್ 22, ಶನಿವಾರ

ಆಯಿತು! ಎರಡು ಲೀಟರ್. ಗಂಟಿಲ್ಲ, ಗುಳ್ಳೆಯಿಲ್ಲ, ಗಾಜಿನಂತೆ ತಿಳಿ. ಬಾಟಲಿ ಬೋರಲು ಹಾಕಿ ತಟ್ಟಿದೆ, ಉಪ್ಪಿನ ಒಂದು ಹರಳೂ ಉಳಿದಿಲ್ಲ.

ಕಾಲೇಜಿನ ಫ್ರಿಜ್ ಕೆಟ್ಟಿದೆ. ಅದರೊಳಗೆ ಯಾರೋ ಉತ್ತರ ಪತ್ರಿಕೆ ಜೋಡಿಸಿದ್ದಾರೆ. ಅಂಟನ್ನು ಸ್ಟೀಲ್ ಡಬ್ಬಿಗೆ ಹಾಕಿ ಮನೆಗೆ ತಂದೆ, ಹಾಲಿನ ಪಕ್ಕ ಇಟ್ಟೆ. ಮೇಲೆ ಚೀಟಿ: TSG-3, 22/3. (ಟ್ಯಾಮರಿಂಡ್ ಸೀಡ್ ಗಮ್, ಮೂರನೇ ಸಲ.)

ಅಂಜಿ: "ಡೇಟ್ ಹಾಕಿದೀಯ. ಎಕ್ಸ್‌ಪೈರಿ?"

"ಏಪ್ರಿಲ್ ಹದಿನಾರು. ಅದರದೂ ನಂದೂ."

ಮೌಲ್ಯಮಾಪನ ಮುಗಿದ ಮೇಲೆ ಗಾಜು ಜೋಡಿಸುವುದು.

ಮಾರ್ಚ್ 26, ಸಂಜೆ

ಡಬ್ಬಿ ಇಲ್ಲ.

ಬೆಳಗ್ಗೆ ಅತ್ತೆ ಬಂದಿದ್ದರು, ಮದುವೆ ಸೀರೆ ನೋಡುವುದಕ್ಕೆ. ನಾನು ಮೌಲ್ಯಮಾಪನಕ್ಕೆ ಹೋಗಿದ್ದೆ. ಮಧ್ಯಾಹ್ನದ ಬಸ್ಸಿಗೆ ಪಾವಗಡದ ಕಡೆ ಹೊರಟಿದ್ದಾರೆ. ಅಂಜಿ ಹತ್ತಿಸಿ ಬಂದ.

"ಕೈಯಲ್ಲಿ ಏನಾದ್ರೂ ಇತ್ತಾ?"

"ಒಂದು ಚೀಲ. ಅವ್ವ ಬಹಳ ಖುಷಿಯಲ್ಲಿತ್ತು. ಕಂಡಕ್ಟರಿಗೂ ನಿನ್ನ ಬಗ್ಗೆ ಏನೋ ಹೇಳ್ತಿತ್ತು."

ಫ್ರಿಜ್ ತೆಗೆದು ತೋರಿಸಿದೆ. ಹಾಲಿನ ಪಕ್ಕ ದುಂಡಗಿನ ತೇವದ ಗುರುತು. ಅಂಜಿ ನಿಜಕ್ಕೂ ಅಂಜಿದ.

ಹತ್ತು ಸಲ ಫೋನ್ ಮಾಡಿದೆವು. ಸ್ವಿಚ್ ಆಫ್. ಆ ಊರ ಸುತ್ತ ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಯಾನೆಲ್, ನಡುವೆ ನಮ್ಮತ್ತೆಯ ಫೋನಿಗೆ ಚಾರ್ಜ್ ಇಲ್ಲ.

ಮಾರ್ಚ್ 27

ಅವರೇ ಮಾಡಿದರು. ಬೆಳಗ್ಗೆ.

"ಲೇ ಅನಸೂಯ, ಎಂತಾ ಸರಿ ಕಾಸಿದೀಯೆ ನೀನು! ಒಂದ್ ಗಂಟಿಲ್ಲ. ಬೆಣ್ಣೆ ಕಣಮ್ಮ, ಬೆಣ್ಣೆ! ಬಿಸ್ನೀರ್ ಹಾಕಿ ಕಲಸಿ, ಹೊತ್ತುಟ್ಟೋ ಹೊತ್ಗೆಲ್ಲ ಹಾಸಿನ್ ಮ್ಯಾಲೆ ಬಳಿದ್ಬುಟ್ಟೆ."

"ಅತ್ತೆ, ಅದು—"

"ಯೋಳ್ಬ್ಯಾಡ ಸುಮ್ಕಿರು. ನಂಗೊತ್ತಿಲ್ದಂಗೆ ಕಾಸಿ ಮಡಗಿದ್ಯಲ್ಲ, ನಾನೇ ಫ್ರಿಜ್ಜು ತೆಗೀದಿದ್ರೆ ಯಾವಾಗ್ ಕೊಡ್ತಿದ್ಯೋ. ಬಸ್ಸಾಗೆ ಎಲ್ರಿಗೂ ಯೋಳ್ದೆ. ಕಾಲೇಜ್ನಾಗೆ ಪಾಠ ಮಾಡೋ ಸೊಸೆ ನಂಗೆ ಸರಿ ಕಾಸ್ಕೊಟ್ಟವ್ಳೆ ಅಂತ. ಒಬ್ಳು ನಂಬ್ಲಿಲ್ಲ. ಮುಚ್ಚಳ ತೆಗ್ದು ತೋರ್ಸ್‌ಬುಟ್ಟೆ."

ಕೊನೆಗೆ ದನಿ ಸ್ವಲ್ಪ ಒಡೆಯಿತು. ಮೂಗು ಏರಿಸಿಕೊಂಡ ಸದ್ದು. ಹನ್ನೊಂದು ವರ್ಷದಲ್ಲಿ ಅತ್ತೆ ನನ್ನ ವಿಷಯಕ್ಕೆ ಮೂಗು ಮುರಿದಿದ್ದುಂಟು, ಏರಿಸಿದ್ದು ಇದೇ ಮೊದಲು.

"ಒಳ್ಳೇದಾಯ್ತು ಅತ್ತೆ" ಅಂದೆ.

ನನ್ನ ರಿವ್ಯೂ ಈಗ ಬಲಸಮುದ್ರದ ಅಂಗಳದಲ್ಲಿ, ಕುರಿ ಉಣ್ಣೆಯ ಮೇಲೆ, ಉದ್ದಕ್ಕೂ ಒಣಗುತ್ತಿದೆ.

ಮಾರ್ಚ್ 30. ಯುಗಾದಿ. ಬಲಸಮುದ್ರ

ಒಣಗುತ್ತಿಲ್ಲ.

ಹಪ್ಪಳ ಇಟ್ಟರೆ ತಿರುಗಿ ಬರುವಷ್ಟರಲ್ಲಿ ಗರಿಗರಿಯಾಗುವ ಬಿಸಿಲು. ಹಾಸಿನ ನೂಲು ಮಾತ್ರ ನಾಲ್ಕನೇ ದಿನಕ್ಕೂ ತಣ್ಣಗೆ, ಜಿಗುಟಾಗಿ, ಕೈಗೆ ಅಂಟುತ್ತದೆ. ಮಾವ ಯತ್ತಪ್ಪನ ಒಂದು ಕುರಿ ಬಂದು ನೆಕ್ಕಲು ನೋಡಿತು. ಒಬ್ಬಟ್ಟು ಕೈಯಲ್ಲಿ ಹಿಡಿದೇ ಓಡಿಹೋಗಿ ಅಟ್ಟಿದೆ. ಆ ಉಪ್ಪು ಹೊಟ್ಟೆಗೆ ಹೋದರೆ ಕುರಿ ಹೊಟ್ಟೆ ಕೆಟ್ಟು ಬೀಳುತ್ತದೆ. ಮಾವ ನಕ್ಕರು: "ನೋಡ್ಲಾ ಅಂಜಿ, ನಿನ್ ಹೆಂಡ್ರು ಕುರಿ ಕಾಯೋದ್ ಕಲ್ತವ್ಳೆ."

ಈ ಮನೆಯಲ್ಲೊಂದು ಪದ್ಧತಿ. ಸರಿ ಬಳಿದ ದಿನ ಕೊನೆಯ ಒಂದು ಹಿಡಿಯನ್ನು ನೀರು ಬೆರೆಸದೆ ಉಂಡೆ ಮಾಡಿ ಮಗ್ಗದ ಗೂಟಕ್ಕೆ ಮೆತ್ತುತ್ತಾರೆ. ಮೇಲೆ ಅರಿಶಿನ, ಕುಂಕುಮ. ಮಗ್ಗಮ್ಮನ ಪಾಲು. ಮಾರನೆಯ ದಿನಕ್ಕೆ ಅದು ಒಣಗಿ ಕಲ್ಲಾಗಬೇಕು. ಕಲ್ಲಾದರೆ ನೇಯಲು ಅಪ್ಪಣೆ.

ನನ್ನ TSG-3 ಕುಂಕುಮ ಇಟ್ಟುಕೊಂಡು ಗೂಟದ ಮೇಲೆ ಕೂತಿದೆ. ಮುಟ್ಟಿದೆ. ಮೆತ್ತಗಿದೆ. ಹೊಳೆಯುತ್ತಿದೆ. ಒಂದು ಬಿರುಕಿಲ್ಲ!

ಆರು ವರ್ಷದಿಂದ ಇಂಥ ಅಂಟಿಗಾಗಿ ಕಾದಿದ್ದೆ. ಹಿಂದಿನಿಂದ ಅತ್ತೆ, ಮೆಲ್ಲಗೆ:

"ಬೆವರ್ತೈತೆ ಕಣಮ್ಮ ಮಗ್ಗ. ದೇವುಡಾ, ಯಾವತ್ತೂ ಇಂಗಾಗಿರ್ಲಿಲ್ಲ."

ತಿರುಗಿ ನೋಡಿದೆ. ಬಣ್ಣವೇ ಇಲ್ಲ ಮುಖದಲ್ಲಿ.

"ನೀನು ಕಾಸಿದ್ರಾಗೆ ಏನೂ ತೆಪ್ಪಿಲ್ಲ. ಬಂಗಾರದಂಗಿತ್ತು. ನನ್ ಕೈದೇ ಏನೋ ಐತೆ. ಮೊಮ್ಮಗ್ಳ ಗದ್ದುಗೆ ನನ್ ಕೈಯಾಗೆ ಆಗ್ಬಾರ್ದೇನೋ."

ಹೇಳಬೇಕಿತ್ತು. ಬೇವು-ಬೆಲ್ಲ ಬಾಯಲ್ಲಿತ್ತು. ನುಂಗಿದೆ, ಮಾತು ಸಮೇತ.

ಏಪ್ರಿಲ್ 1

ಹಾಸ್ಯ ಮಾಡಲು ಸರ್ಕಾರವೇ ಒಪ್ಪಿದ ದಿನ. ಒಂದೂ ಬರುತ್ತಿಲ್ಲ.

ಏಪ್ರಿಲ್ 4

ಡ್ಯೂಟಿಯಿಂದ ಬರುವಾಗ ಅಂಜಿ ಬಲಸಮುದ್ರಕ್ಕೆ ಹೋಗಿ ಬಂದ. ಶೂ ಬಿಚ್ಚುತ್ತಾ ಹೇಳಿದ, ನನ್ನ ಕಡೆ ನೋಡದೆ.

"ಅವ್ವ ನೇಯಲ್ವಂತೆ. ಹಾಸು ಸುತ್ತಿ ಅಟ್ಟದ ಮೇಲೆ ಹಾಕೈತೆ. ಕಂಬ್ಳಿ ಚಳ್ಳಕೆರೆಯಿಂದ ತನ್ನಿ ಅಂತ ಅಕ್ಕಂಗೆ ಹೇಳ್ಬುಡ್ತು. ಮದುವೆಯಲ್ಲಿ ಗದ್ದುಗೆ ಹತ್ರ ನಾನು ಬರಲ್ಲ ಅಂತಿದೆ."

"ನೀವು ಹೇಳಿಲ್ವಾ?"

"ಏನಂತ ಹೇಳ್ಲಿ? ಬೆವರಿದ್ದು ಮಗ್ಗ ಅಲ್ಲ, ಉಪ್ಪು ಅಂದ್ರೆ, ಉಪ್ಪು ಯಾಕ್ ಹಾಕಿದ್ಳು ಅನ್ನುತ್ತೆ. ಕಾಲೇಜಿಂದು ಅಂದ್ರೆ, ನಂಗೆ ಕಾಸಿದ್ದಲ್ವಾ ಅನ್ನುತ್ತೆ." ಶೂ ಮೂಲೆಗೆ ತಳ್ಳಿ, "ಹೇಳೋದಾದ್ರೆ ನೀನೇ ಹೇಳು. ಊರಿಗೆಲ್ಲ ಹೇಳ್ಕೊಂಡ್ ತಿರುಗ್ತೈತೆ, ಪಾಪ."

ಇಷ್ಟೇ ಲೆಕ್ಕ. ಸುಮ್ಮನಿದ್ದರೆ ಅತ್ತೆಗೆ ಸೊಸೆ ಉಳಿಯುತ್ತಾಳೆ, ಮಗ್ಗ ಹೋಗುತ್ತದೆ. ಹೇಳಿದರೆ ಮಗ್ಗ ಉಳಿಯುತ್ತದೆ, ಸೊಸೆ ಹೋಗುತ್ತಾಳೆ.

ರಂಗಸ್ವಾಮಿ ಸರ್ ಮೆಸೇಜ್: ಗಾಜು ರೆಡಿನಾ? ಉತ್ತರಿಸಿಲ್ಲ. ಗೂಟದ ಮೇಲೊಂದು ಉಂಡೆ ಇದೆ ಅಂತ ಗೊತ್ತು. ಅದನ್ನು ಕೇಳಿದರೂ ಹೇಳಬೇಕಾಗುತ್ತದೆ. ಕೇಳದೆ ಕಿತ್ತುಕೊಂಡು ಬರಬಹುದು ಅಂತಲೂ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಇಲ್ಲಿ ಬರೆದಿಟ್ಟರೆ ಮಾಡುವುದಿಲ್ಲ ಅಂತ ಒಂದು ನಂಬಿಕೆ.

ಏಪ್ರಿಲ್ 6, ಭಾನುವಾರ. ರಾಮನವಮಿ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ. ನಾನೂ.

ಹೇಳಿದೆ.

ಅಂಗಳದಲ್ಲಿ ಅತ್ತೆ ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದರು. ಎದುರಿಗೆ ಕೂತೆ. "ಅತ್ತೆ, ಮಗ್ಗ ಬೆವರ್ತಿಲ್ಲ. ಆ ಡಬ್ಬಿಯಲ್ಲಿ ಒಂದು ಥರದ ಉಪ್ಪಿತ್ತು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಗಲ್ವಾ, ಅದರ ಹತ್ತರಷ್ಟು. ಗಾಳಿಯಿಂದ ನೀರು ಕುಡಿಯುತ್ತೆ. ನಿಮ್ಮ ಕೈದು ಏನೂ ಇಲ್ಲ."

ಕುಟ್ಟುವುದು ನಿಂತಿತು. "ಉಪ್ಪಾ?"

"ಹ್ಞೂಂ."

"ಅಪಶಕುನ ಅಲ್ಲ?"

"ಅಲ್ಲವೇ ಅಲ್ಲ."

ಮುಖ ಅರಳಿತು, ನಾನು ನೋಡನೋಡುತ್ತಲೇ. ಬ್ಯಾಟರಿ ತಿರುಗಿಸಿದ ಗಾಜಿನ ಹಾಗೆ, ಅಂಚಿನಿಂದ ನಡುವಿನವರೆಗೆ ತಿಳಿಯಾಯಿತು. ಆಮೇಲೆ ಅದೇ ಅಂಚಿನಿಂದ ಮತ್ತೆ ಮಬ್ಬಾಯಿತು.

"ಸರಿಗೆ ಯಾರಾನ ಉಪ್ಪಾಕ್ತಾರಾ... ಅದು ಸರಿ ಅಲ್ಲ."

"ನನ್ನ ಪರೀಕ್ಷೆದು, ಅತ್ತೆ. ಗಾಜಿಗೆ ಹಾಕೋದು."

"ಅಂಗಾದ್ರೆ ನೀನು ನಂಗಂತ ಕಾಸಿರ್ಲಿಲ್ಲ."

ಪ್ರಶ್ನೆಯಲ್ಲ. ನಾನು ಯಾವುದಕ್ಕೂ ಒಂದು ಜೋಕು ಇಟ್ಟುಕೊಂಡಿರುವವಳು. ಆಗ ಒಂದೂ ಇರಲಿಲ್ಲ. "ಇಲ್ಲ" ಅಂದೆ.

ಕಟ್ಟೆಯ ಮೇಲಿಂದ ಮಾವ: "ನಾನ್ ಅದ್ನ ಮಜ್ಜಿಗೆ ಅಂತ ಕುಡೀಲಿಲ್ವಲ್ಲ, ನನ್ ಪುಣ್ಯ ಬುಡು." ಯಾರೂ ನಗಲಿಲ್ಲ. ಅವರು ಬೀಡಿ ಹುಡುಕಿಕೊಂಡು ಒಳಗೆ ಹೋದರು.

ಅತ್ತೆ ಬೆಲ್ಲದ ಚೂರುಗಳನ್ನು ಒಂದೊಂದಾಗಿ ಗುಡ್ಡೆ ಮಾಡಿದರು. ಆಮೇಲೆ:

"ಪರೀಕ್ಷೆ ಯಾವತ್ತು?"

"ಹದಿನಾರಕ್ಕೆ."

"ಬೇರೆ ಮಾಡ್ಕಂಡಿದೀಯಾ?"

"ಉಪ್ಪಿಲ್ಲ. ಮುಗೀತು."

"ಪೋನ್ ಮಾಡ್ದಾಗ ಯಾಕಮ್ಮ ಬಾಯ್ಬುಡ್ಲಿಲ್ಲ?"

"ನೀವು ಬಹಳ ಖುಷಿಯಾಗಿದ್ರಿ."

"ನಾನ್ ಖುಷಿಯಾಗಿದ್ದೆ ಅಂತ ನಿನ್ ಕೆಲ್ಸ ಕಂಬ್ಳಿಗ್ ಬಳ್ಕಂಡ್ ಕುಂತಿದ್ಯಾ?" ದನಿ ಏರಿತು. "ಓದ್ದೋಳಂತೆ, ಓದ್ದೋಳು! ಬಾಯೈತಲ್ಲ, ಅದ್ರಾಗೆ ಬರೀ ತಮಾಷೆ ತುಂಬ್ಕಂಡಿದೀಯ, ಬೇಕಾದ್ ಮಾತು ಒಂದಿಲ್ಲ!"

ಎದ್ದು ಮಗ್ಗದ ಮನೆಗೆ ಹೋದರು. ಹಿಂದೆಯೇ ಹೋದೆ. ಗೂಟಕ್ಕೆ ಕೈ ಮುಗಿದು, ಈಳಿಗೆಯ ತುದಿಯಿಂದ ಉಂಡೆಯನ್ನು ಎಬ್ಬಿಸಿ, ಬಾಳೆಲೆಯ ತುಂಡಿನ ಮೇಲಿಟ್ಟರು.

"ತಗ."

"ಅದು ಮಗ್ಗಮ್ಮಂದಲ್ವಾ?"

"ಹತ್ತು ದಿನಾತು, ಮುಟ್ಟಿಲ್ಲ ನೋಡು. ಅಂಗೇ ಐತೆ. ಅವ್ಳಿಗೂ ಗೊತ್ತಾಗೈತೆ ತನ್ದಲ್ಲ ಅಂತ." ಎಲೆ ಮಡಚಿದರು, ದಾರ ಸುತ್ತಿದರು. ದಾರಕ್ಕೆ ಗಂಟು ಹಾಕುತ್ತಾ, ನನ್ನ ಕಡೆ ನೋಡದೆ:

"ಇನ್ನೊಂದ್ ದಪ ಕಾಸು. ಈ ದಪ ನಂಗೆ."

ಆಮೇಲೆ ಇಬ್ಬರೂ ಅಟ್ಟದಿಂದ ಹಾಸು ಇಳಿಸಿ ನೀರಿನಲ್ಲಿ ಜಾಲಿಸಿದೆವು. ಮೂರು ನೀರು. ಕುರಿಗೆ ಸಿಕ್ಕದ ಹಾಗೆ ನೀರನ್ನು ಗುಂಡಿಗೆ ಸುರಿದು ಮಣ್ಣು ಎಳೆದೆವು. ಸಂಜೆಯೊಳಗೆ ಒಂದು ಎಳೆ ಗರಿಗರಿಯಾಗಿ ಒಣಗಿತು. ಅತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಬಸ್ಸು ಹತ್ತುವಾಗ ಪಾನಕದ ಬಾಟಲಿ ಕೊಟ್ಟು, "ಇದು ಗಾಜಿಗಲ್ಲ, ನಿಂಗೆ" ಅಂದರು.

ಸೊಸೆ ಹೋದಳೋ ಉಳಿದಳೋ ಗೊತ್ತಾಗಲಿಲ್ಲ. ಪಾನಕಕ್ಕೆ ಮೆಣಸು ಜಾಸ್ತಿಯಾಗಿದೆ. ಕಣ್ಣಲ್ಲಿ ನೀರು.

ಏಪ್ರಿಲ್ 7

ಉಂಡೆಯ ಹೊರಮೈ ಕೆರೆದು, ಒಳಗಿನದನ್ನು ಗಾಜಿಗೆ ಹಾಕಿದೆ. ಅಂಗೈಯಷ್ಟಗಲದ ಒಂದೇ ಒಂದು ಗಾಜು. ಎಷ್ಟು ಎಚ್ಚರ ವಹಿಸಿದರೂ ಮೂಲೆಯಲ್ಲಿ ಕುಂಕುಮದ ಒಂದು ಚುಕ್ಕಿ ಸೇರಿಕೊಂಡಿತು.

ಬ್ಯಾಟರಿ ಮುಟ್ಟಿಸಿದೆ. ನೀಲಿ. ತಿರುಗಿಸಿದೆ. ತಿಳಿ.

ಅಂಜಿ: "ಗೋಸುಂಬೆಗೆ ಬೊಟ್ಟು ಬೇರೆ."

ಏಪ್ರಿಲ್ 10

ನಾಲ್ಕನೇ ದಿನ. ಬದುಕಿದೆ. ದೃಷ್ಟಿ ತಾಗದಿರಲಿ ಅಂತ ಜಾಸ್ತಿ ಬರೆಯುವುದಿಲ್ಲ.

ಏಪ್ರಿಲ್ 16. ತುಮಕೂರು

ನೀಲಿ. ತಿಳಿ. ನೀಲಿ. ತಿಳಿ. ಮೂವರು ಪ್ರೊಫೆಸರುಗಳು ಮಕ್ಕಳ ಹಾಗೆ ಸರದಿಯ ಮೇಲೆ ಬ್ಯಾಟರಿ ತಿರುಗಿಸಿದರು.

ಒಬ್ಬರು ಹಿಂದಕ್ಕೊರಗಿ, "ಎಲ್ಲ ಸರಿಯಮ್ಮ, ಆದರೆ ಒಂದು ಪರದೆ ಹಾಕಿದ್ರೆ..." ಅಂದರು.

"ಪರದೆ ಎಳೆದ್ರೆ ಬಿಸಿಲಿನ ಜೊತೆ ಬೀದಿಯೂ ಹೋಗುತ್ತೆ ಸರ್. ಇದರಲ್ಲಿ ಬಿಸಿಲು ಕಮ್ಮಿಯಾಗುತ್ತೆ, ಎದುರಿಗಿರೋರು ಕಾಣ್ತಾನೇ ಇರ್ತಾರೆ."

ಆರು ವರ್ಷದಿಂದ ಸಿಗದ ಉತ್ತರ. ಎಲ್ಲಿಂದ ಬಂತೋ.

ಉಂಡೆಯ ಕತೆ ಪೂರ್ತಿ ಹೇಳಿದೆ, ಏನೂ ಮುಚ್ಚಿಡದೆ. ನಕ್ಕರು. ಒಂದು ವರ್ಷ ವಿಸ್ತರಣೆ. ಷರತ್ತು: ಹೊಸ ಉಪ್ಪು ತರಿಸಿ, ಎಲ್ಲವನ್ನೂ ಮೊದಲಿನಿಂದ, ಮಗ್ಗದ ನೆರವಿಲ್ಲದೆ ಮಾಡಿ ತೋರಿಸಬೇಕು.

ಹೊರಗೆ ಬಂದ ಮೇಲೆ ರಂಗಸ್ವಾಮಿ ಸರ್ ಗಾಜನ್ನು ಬೆಳಕಿಗೆ ಹಿಡಿದರು. "ಈ ಕೆಂಪು ಚುಕ್ಕಿ?"

"ಕುಂಕುಮ ಸರ್."

"ಥೀಸಿಸ್‌ನಲ್ಲಿ ಏನಂತ ಬರೀತೀಯ?"

"ಇಂಪ್ಯೂರಿಟಿ."

"ಬರಿ. ಅತ್ತೆಗೆ ಹೇಳ್ಬೇಡ."

ಏಪ್ರಿಲ್ 20, ಭಾನುವಾರ. ಬಲಸಮುದ್ರ

ಕೊಟ್ಟಿಗೆಯ ಪಕ್ಕ ಎರಡು ಒಲೆ. ಎರಡು ಪಾತ್ರೆ. ಒಂದು ಕಂಬಳಿಗೆ, ಒಂದು ಗಾಜಿಗೆ. ಡಬ್ಬಿ ಹೋದ ವಾರವೇ ಆರ್ಡರ್ ಮಾಡಿದ್ದ ಉಪ್ಪು ಮುಂದಿನ ವಾರ ಬರುತ್ತದೆ. ಅಷ್ಟರಲ್ಲಿ ಅಂಟು ಸಿದ್ಧವಿರಲಿ ಅಂತ. ಬೆಳಗ್ಗೆಯಿಂದ ನಾನೇ ಕೈಯಾಡಿಸುತ್ತಿದ್ದೇನೆ. ಅತ್ತೆ ಪಕ್ಕದಲ್ಲಿ ಕೂತು ಬೈಯುತ್ತಿದ್ದಾರೆ.

"ಗಂಟು! ಗಂಟು ನೋಡಲ್ಲಿ! ಆವತ್ತು ಬೆಣ್ಣೆಯಂಗೆ ಕಾಸಿದ್ದೆ, ಇವತ್ತೇನಾತು?"

"ಆವತ್ತು ಗಾಜಿಗೆ ಕಾಸಿದ್ದೆ ಅತ್ತೆ, ಹೆದರಿಕೆ ಇತ್ತು."

"ಓಹೋ. ನಂಗೆ ಹೆದ್ರಾಕಿಲ್ವಾ?"

ನಕ್ಕೆ. ಅವರೂ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು. ಗಂಟಿದ್ದರೂ ಪಕ್ಕದ ಮನೆಯ ಚಿಕ್ಕಹನುಮಕ್ಕನನ್ನು ಬೇಲಿಯಾಚೆಯಿಂದ ಕೂಗಿ ಕರೆದು ತೋರಿಸಿದರು: "ನೋಡ್ಬಾರೆ, ನನ್ ಸೊಸೆ ಸರಿ ಕಾಸ್ತಾವ್ಳೆ. ಈ ದಪ ನಿಜ್ವಾಗ್ಲೂ."

ಗಾಜು ತಂದಿದ್ದೆ. ನೀಲಿ ಮಾಡಿ ಅತ್ತೆಯ ಕೈಗೆ ಕೊಟ್ಟೆ. ಕಣ್ಣಿಗೆ ಹಿಡಿದು ಪ್ಯಾನೆಲ್ಲುಗಳ ಬಯಲನ್ನು ಬಹಳ ಹೊತ್ತು ನೋಡಿದರು. "ಕೆರೆ ತುಂಬಿದಂಗ್ ಕಾಣ್ತೈತೆ ಕಣಮ್ಮ" ಅಂದರು. ಆಮೇಲೆ ನನ್ನ ಕಡೆ ತಿರುಗಿಸಿ ನೋಡಿದರು. "ನೀನೂ ಕಾಣ್ತೀಯ. ಸ್ವಲ್ಪ ಕರ್ರಗೆ."

ಪಾತ್ರೆ ಅದಲುಬದಲಾಗಬಾರದು ಅಂತ ಒಂದಕ್ಕೆ ಕುಂಕುಮ ಇಟ್ಟಿದ್ದಾರೆ. ನಾನು ಈ ಪುಟ ಬರೆಯಲು ಒಳಗೆ ಬಂದೆ, ಎರಡೇ ನಿಮಿಷ ಅಂತ. ಯಾವುದಕ್ಕೆ ಇಟ್ಟರು ಅಂತ ಕೇಳುವುದು ಮರೆತೆ. ಕೂಗುತ್ತಿದ್ದಾರೆ. ತಳ ಹತ್ತಿತಂತೆ. ಯಾವ ಪಾತ್ರೆದು ಅತ್ತೆ ಅಂದರೆ, ಬೊಟ್ಟಿಟ್ಟಿದ್ದು ಅಂತಾರೆ. ಅದು ನಿಮ್ಮದಾ ನನ್ನದಾ ಅಂತ ಕೇಳಿದ್ದಕ್ಕೆ—